ಮಡ್‌ಗಾರ್ಡ್ ಕತ್ತರಿಸಿದ ಜೀಪು

1985ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಸರಕಾರಿ ಇಲಾಖೆಯೊಂದರ ವಾಹನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ದುರಸ್ತಿಯ ಜತೆಗೆ ನನ್ನ ಪಾಲಿಗೆ ಇನ್ನೊಂದು ಕೆಲಸವಿತ್ತು. ಇಲಾಖೆಯ ಹಳೆಯ ಗಾಡಿಗಳನ್ನು ಪರೀಕ್ಷಿಸಿ, ಇದು ಇನ್ನೂ ಓಡುತ್ತದೆ, ಇದನ್ನು ಹರಾಜಿಗೆ ಹಾಕಿ ಎಂದು ವರದಿ ಬರೆಯಬೇಕಿತ್ತು. ಹರಾಜಿಗೆ ಹಾಕುವುದಕ್ಕೆ ನಾವು ‘ಕಂಡೆಮ್’ ಮಾಡುವುದು ಎನ್ನುತ್ತಿದ್ದೆವು. ನಾನು ಕಂಡೆಮ್ ಎಂದು ಬರೆದರೆ ಮುಗಿಯಿತು, ಮೇಲಿನವರು ಮರುಮಾತಿಲ್ಲದೆ ಸಹಿ ಹಾಕುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಅಳ್ನಾವರದಲ್ಲಿ. ತಂದೆ ರೈಲ್ವೆಯಲ್ಲಿ ಫಿಟ್ಟರ್. ನಡೆಯಲು ಕಲಿಯುವ ಮೊದಲೇ ಎಂಜಿನ್ ಸದ್ದು ಕೇಳಿದವನು ಎಂದು ನನ್ನ ಬಗ್ಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಾನೆಟ್ ತೆರೆಯದೆ, ಬರೀ ಸದ್ದು ಕೇಳಿ ಗಾಡಿಯ ರೋಗ ಹೇಳುತ್ತೇನೆ ಎಂಬ ಜಂಬ ನನಗಿತ್ತು, ಮತ್ತು ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗುತ್ತಲೂ ಇತ್ತು. ಉಳಿದ ಒಂದು ಸಲದ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ವರ್ಷ ಜೂನ್ ಮೊದಲ ವಾರದಲ್ಲಿ ನವಲಗುಂದ ತಾಲೂಕಿನ ಒಂದು ಹಳ್ಳಿಯಿಂದ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಒಬ್ಬರು ನೀಲವ್ವ, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿ ನಾಲ್ಕು ವರ್ಷವಾಗಿತ್ತು. ಇನ್ನೊಬ್ಬರು ಅವರ ಮಾವ ಶಿವನಗೌಡರು, ಎಪ್ಪತ್ತು ದಾಟಿದವರು. ಎತ್ತಿನ ಸಂತೆಯಲ್ಲಿ ಅವರ ಮಾತು ಕೇಳದೆ ಆ ಭಾಗದ ಯಾರೂ ಜೋಡಿ ಕೊಳ್ಳುತ್ತಿರಲಿಲ್ಲವಂತೆ. ನಮ್ಮ ವರ್ಕ್‌ಶಾಪಿನ ಗುಮಾಸ್ತರು ಅದೇ ಊರಿನವರು. ಅವರೇ ಕಳಿಸಿದ್ದರು.

ನೀಲವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನೇರವಾಗಿ ಮಾತಿಗಿಳಿದರು.

“ಸಾಹೇಬ್ರ, ಒಂದು ಹಳೇ ಜೀಪು ಆರಿಸಿ ಕೊಡ್ರಿ. ಚಂದ ಇರಬೇಕಂತ ಇಲ್ಲ. ಒಂದಿನಾನೂ ಕೈ ಕೊಡಬಾರ್ದು, ಅಷ್ಟ.”

“ಅಂಥಾ ಗಾಡಿ ಸ್ವರ್ಗದಾಗ ಇರಬಹುದ್ರಿ ಅವ್ವಾರ, ಹುಬ್ಬಳ್ಳ್ಯಾಗ ಇಲ್ಲ” ಎಂದು ನಾನು ನಕ್ಕೆ. ಅವರು ನಗಲಿಲ್ಲ. ಯಾಕೆ ನಗಲಿಲ್ಲ ಎಂಬುದು ಮುಂದಿನ ಅರ್ಧ ಗಂಟೆಯಲ್ಲಿ ತಿಳಿಯಿತು.

ಅವರು ನಾಲ್ಕು ಎಕರೆಯಲ್ಲಿ ಹೈಬ್ರಿಡ್ ಹತ್ತಿಯ ಬೀಜ ಬೆಳೆಯುತ್ತಿದ್ದರು. ಹತ್ತಿ ಬೆಳೆಯುವುದು ಬೇರೆ, ಹತ್ತಿಯ ಬೀಜ ಬೆಳೆಯುವುದು ಬೇರೆ ಎಂಬುದು ನನಗೆ ಗೊತ್ತಿರಲಿಲ್ಲ. ಅಲ್ಲಿ ಗಂಡು ಸಾಲು, ಹೆಣ್ಣು ಸಾಲು ಎಂದು ಎರಡು ತಳಿ ಬಿತ್ತುತ್ತಾರೆ. ನಾಳೆ ಅರಳುವ ಹೆಣ್ಣು ಸಾಲಿನ ಮೊಗ್ಗುಗಳನ್ನು ಇಂದು ಮಧ್ಯಾಹ್ನವೇ ಹುಡುಕಿ, ಉಗುರಿನಿಂದ ಬಿಡಿಸಿ, ಒಳಗಿನ ಪರಾಗದ ಕೇಸರಗಳನ್ನೆಲ್ಲ ತೆಗೆದು, ಗುರುತಿಗೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮಾರನೆಯ ಮುಂಜಾನೆ ಗಂಡು ಹೂವು ತಂದು ಅದರ ಪರಾಗವನ್ನು ಆ ಹೂವಿಗೆ ಒರೆಸಿ ದಾರ ಕಟ್ಟಬೇಕು. ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಬೆಳಗಿನ ಒಂಬತ್ತರಿಂದ ಹನ್ನೊಂದು, ಹನ್ನೊಂದೂವರೆಯ ತನಕ ಮಾತ್ರ ಹೂವು ಕೆಲಸಕ್ಕೆ ಬರುತ್ತದೆ. ಹೆಂಗಸರು ಹನ್ನೆರಡಕ್ಕೆ ಬಂದರೆ ಹಿಂದಿನ ದಿನದ ಅಷ್ಟೂ ದುಡಿಮೆ ಮಣ್ಣುಪಾಲು. ಎರಡು ತಿಂಗಳು ದಿನಾಲೂ ಇದೇ ಲೆಕ್ಕ. ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ.

ನೀಲವ್ವನ ಹೊಲ ಊರಿಂದ ಆರು ಕಿಲೋಮೀಟರ್ ದೂರ. ದಾರಿ ಪೂರ್ತಿ ಎರೆ ಮಣ್ಣು, ನಡುವೆ ಒಂದು ಹಳ್ಳ. ಕೆಲಸಕ್ಕೆ ಇಪ್ಪತ್ನಾಲ್ಕು ಹೆಂಗಸರು. ಹಿಂದಿನ ವರ್ಷ ಪಕ್ಕದವರ ಟ್ರ್ಯಾಕ್ಟರನ್ನು ಬಾಡಿಗೆಗೆ ಹಿಡಿದಿದ್ದರು. ಅವರು ತಮ್ಮ ಕೆಲಸ ಮುಗಿಸಿ ಬರುವಷ್ಟರಲ್ಲಿ ಎಷ್ಟೋ ದಿನ ಹೂವು ಬಾಡಿರುತ್ತಿತ್ತು. ಬೀಜ ಅರ್ಧಕ್ಕರ್ಧ ಕಡಿಮೆ ಬಂತು. ಬೀಜದ ಕಂಪನಿಯವರು, ಇನ್ನೊಂದು ವರ್ಷ ನೋಡುತ್ತೇವೆ, ಹೀಗೇ ಆದರೆ ನಿಮ್ಮ ಹೆಸರು ತೆಗೆಯುತ್ತೇವೆ ಎಂದಿದ್ದರು. ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮೈದುನ ಈರಣ್ಣ, “ವೈನಿ, ಈ ವರ್ಷಾನೂ ಹಿಂಗಾದ್ರ ಹೊಲ ಲಾವಣಿಗೆ ಹಾಕೂಣು” ಎಂದಿದ್ದರು. ಲಾವಣಿ ಎಂದರೆ ಹೊಲವನ್ನು ಬೇರೆಯವರಿಗೆ ಉಳುಮೆಗೆ ಬಿಟ್ಟುಕೊಡುವುದು. ಈರಣ್ಣ ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಆದರೆ ನೀಲವ್ವನಿಗೆ ಅದರ ಅರ್ಥ ಬೇರೆಯೇ ಇತ್ತು.

“ಹೊಲಕ್ಕ ಹೋಗೂದು ನಿಂತ್ರ ನಾ ಒಲಿ ಮುಂದ ಕುಂದರಬೇಕ್ರಿ. ನಾಲ್ಕು ವರ್ಷದಾಗ ನಾ ಕಲತದ್ದು ಇದೊಂದ ಕೆಲಸ. ಇದನ್ನ ಬಿಡಂಗಿಲ್ಲ” ಎಂದರು.

ನಾನು ಒಪ್ಪಿಕೊಂಡೆ. ಇದು ಸರಕಾರಿ ಕೆಲಸವಲ್ಲ, ಹಾಗಾಗಿ ಭಾನುವಾರಗಳನ್ನು ಮಾತ್ರ ಕೊಡುತ್ತೇನೆ ಎಂದೆ. ವರ್ಕ್‌ಶಾಪಿನ ಒಂದು ಸ್ಪ್ಯಾನರನ್ನೂ ಇದಕ್ಕಾಗಿ ಮುಟ್ಟಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳಬಲ್ಲೆ.

ಮೂರು ಭಾನುವಾರ ಹುಬ್ಬಳ್ಳಿ, ಧಾರವಾಡ, ಕಲಘಟಗಿ ಸುತ್ತಿದೆವು. ಹಳೆಯ ಗಾಡಿ ಕೊಳ್ಳುವವರಿಗೆ ನಾನು ಹೇಳುತ್ತಿದ್ದ ಮೊದಲ ಮಾತು, ಹೊಸ ಬಣ್ಣ ಕಂಡರೆ ಹೆದರಿ ಎಂಬುದು. ಹುಬ್ಬಳ್ಳಿಯಲ್ಲಿ ನೋಡಿದ ಒಂದು ಜೀಪು ಮದುಮಗನ ಹಾಗೆ ಮಿಂಚುತ್ತಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅದರ ಮೈಮೇಲೆ ಆಡಿಸಿದೆ. ಎರಡು ಕಡೆ ಅಂಟಲೇ ಇಲ್ಲ. ಅಲ್ಲಿ ತಗಡು ತುಕ್ಕು ಹಿಡಿದು ಹೋಗಿ, ಮೇಲೆ ಬರೀ ಪುಟ್ಟಿ ತುಂಬಿದ್ದರು. ಇನ್ನೊಂದರ ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದರೆ ಆಯಿಲ್ ಹಾಲು ಬೆರೆಸಿದ ಚಹಾದಂತಿತ್ತು. ಒಳಗೆ ನೀರು ಸೇರುತ್ತಿದೆ ಎಂದರ್ಥ. ನಾನು ಒಂದೊಂದನ್ನೂ ಮೇಷ್ಟ್ರಂತೆ ವಿವರಿಸುತ್ತಿದ್ದೆ, ನೀಲವ್ವ ಒಂದು ಮಾತೂ ಬಿಡದೆ ಕೇಳುತ್ತಿದ್ದರು.

ಶಿವನಗೌಡರು ಮಾತ್ರ ತಮ್ಮದೇ ರೀತಿಯಲ್ಲಿ ನೋಡುತ್ತಿದ್ದರು. ಮೊದಲು ದೂರ ನಿಂತು ಗಾಡಿ ನಿಂತ ಭಂಗಿ ನೋಡುವುದು, ಆಮೇಲೆ ಸುತ್ತು ಬರುವುದು, ಕೊನೆಗೆ ಬಗ್ಗುವುದು. ನನಗೆ ಒಳಗೊಳಗೇ ನಗು. ಕಲಘಟಗಿಯಲ್ಲಿ ಒಂದು ಜೀಪಿನ ಮೀಟರು ಬಹಳ ಕಡಿಮೆ ಓಡಿದೆಯೆಂದು ತೋರಿಸುತ್ತಿತ್ತು. ನಾನು ಬಾನೆಟ್ಟಿನೊಳಗೆ ತಲೆ ಹಾಕಿದ್ದಾಗ ಗೌಡರು ಕ್ಲಚ್ ಪೆಡಲ್ ಮೇಲೆ ಬೆರಳಾಡಿಸಿ ಕೇಳಿದರು.

“ಫೋರಮನ್ನರ, ಈ ರಬ್ಬರ್ ಅಗದಿ ಸವದು ಹೋಗೇತಲ್ರಿ. ಹಲ್ಲು ಮುದಿ ಎತ್ತಿಂದು, ವಯಸ್ಸು ಮಾತ್ರ ಕರದ್ದು ಹೇಳಾಕತ್ತಾರ.”

ಮೀಟರಿನ ಕೇಬಲ್ ಬಿಚ್ಚಿ ಇಟ್ಟು ಓಡಿಸಿದ್ದರು. ನಾನು ಅದನ್ನು ಕಂಡುಹಿಡಿಯುತ್ತಿದ್ದೆನೋ ಇಲ್ಲವೋ, ಅಂತೂ ಮೊದಲು ಕಂಡುಹಿಡಿದದ್ದು ಅವರು. ಹೊಗಳಬೇಕಿತ್ತು, ಹೊಗಳಲಿಲ್ಲ. “ನಾನೂ ಅದನ್ನ ನೋಡಾಂವಿದ್ದೆ” ಎಂದುಬಿಟ್ಟೆ.

ಕೊನೆಗೆ ಎರಡು ಗಾಡಿ ಉಳಿದವು. ಒಂದು ಧಾರವಾಡದ ವಕೀಲರೊಬ್ಬರದು. ಡೀಸೆಲ್ ಜೀಪು, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಫೋರ್‌ವೀಲ್ ಡ್ರೈವ್, ಅಗಲವಾದ ಹೊಸ ಟೈರು, ಒಂದೂ ಗೀರಿಲ್ಲದ ಮೈ. ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟೆ. ಇಷ್ಟು ಹದವಾದ ಎಂಜಿನ್ ನಾನು ಕೇಳಿ ವರ್ಷಗಳಾಗಿದ್ದವು. ಅಲ್ಲೇ ಮನಸ್ಸು ಸೋತಿತು.

ಇನ್ನೊಂದು ಅಣ್ಣಿಗೇರಿಯ ಒಬ್ಬ ಅರಳೆ ವ್ಯಾಪಾರಿಯದು. ಅದೂ ಡೀಸೆಲ್, ಅದೂ ಫೋರ್‌ವೀಲ್. ಆದರೆ ಅದರ ಅವತಾರ ನೋಡಿ ನನಗೆ ಸಿಟ್ಟೇ ಬಂತು. ಬಾಗಿಲಿಲ್ಲ. ಟೈರು ಕಡಿಮೆ ಅಗಲದವು. ಮುಂದಿನ ಎರಡೂ ಮಡ್‌ಗಾರ್ಡುಗಳನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು. ಹಿಂದಿನ ಗಾಲಿಗಳ ಮೇಲಿನ ತಗಡೂ ಹೋಗಿ, ಗಾಲಿಗೂ ಮೈಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಾಯಿ ತೆರೆದುಕೊಂಡಿತ್ತು. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಪುಸುಪುಸು ಎಂದು ಬರುತ್ತಿತ್ತು. ಪಿಸ್ಟನ್ನಿನ ರಿಂಗ್‌ಗಳು ಸವೆದಿವೆ ಎಂಬುದಕ್ಕೆ ಅದು ಲಕ್ಷಣ.

“ಇದು ಎಲ್ಲೋ ಗುದ್ದಿ ಎದ್ದು ಬಂದ ಗಾಡಿ. ಗುಜರಿಗೆ ಹಾಕ್ರಿ” ಎಂದೆ. ವ್ಯಾಪಾರಿ ಅಡಿಕೆ ಎಲೆ ಹಾಕಿಕೊಳ್ಳುತ್ತ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಅಪಘಾತವು ಗೆರೆ ಎಳೆದಂತೆ ನೇರವಾಗಿ ಕತ್ತರಿಸುವುದಿಲ್ಲ, ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುವುದಂತೂ ಇಲ್ಲವೇ ಇಲ್ಲ. ಇಪ್ಪತ್ತು ವರ್ಷ ತಗಡು ನೋಡಿದ ಕಣ್ಣಿಗೆ ಇದು ಕಾಣಬೇಕಿತ್ತು. ಕಾಣಲಿಲ್ಲ, ಯಾಕೆಂದರೆ ಧಾರವಾಡದ ಜೀಪಿನ ಸದ್ದು ಇನ್ನೂ ಕಿವಿಯಲ್ಲಿತ್ತು.

ಮರಳುವಾಗ ವಕೀಲರ ಗಾಡಿ ಕೊಳ್ಳಿ ಎಂದು ಹೇಳಿ ಮಾತು ಮುಗಿಸಿದೆ. ಗೌಡರಿಗೆ ಮುಗಿದಿರಲಿಲ್ಲ.

“ಎರಡನ್ನೂ ಹೂಡಿ ನೋಡೂಣ್ರಿ.”

“ಹೂಡಿ?”

ಅವರು ವಿವರಿಸಿದರು. ಸಂತೆಯಲ್ಲಿ ಎತ್ತಿನ ಹಲ್ಲು, ಸುಳಿ, ಗೊರಸು ಎಲ್ಲ ನೋಡಿದ ಮೇಲೂ ಬಲ್ಲವರು ಕೊಳ್ಳುವುದಿಲ್ಲ. ಹೇರು ತುಂಬಿದ ಚಕ್ಕಡಿಯ ಗಾಲಿಗೆ ಹಗ್ಗ ಬಿಗಿದು, ಅದಕ್ಕೆ ಹೂಡಿ, ಎಳೆಸಿ ನೋಡುತ್ತಾರೆ. ಮಾರುವವನು ಅದಕ್ಕೆ ಒಪ್ಪಲೇಬೇಕು, ಅದು ಸಂತೆಯ ಪದ್ಧತಿ. “ನಮ್ಮ ದಾರಿಗೆ, ನಮ್ಮ ಮಂದಿ ಕುಂದರಿಸಿ, ಮಳಿ ಬಿದ್ದ ಮರುದಿನ. ಆವಾಗ ಎಳದದ್ದ ನಮ್ಮದು” ಎಂದರು.

ನನಗೆ ಅವಮಾನವಾದಂತಾಯಿತು. ನಾನು ಪರೀಕ್ಷಿಸಿದ ಗಾಡಿಯನ್ನು ಮತ್ತೆ ಪರೀಕ್ಷೆಗೆ ಹಾಕುವುದೆಂದರೇನು? ಜೀಪೇನು ಎತ್ತೇ? ಇಷ್ಟನ್ನೂ ಬಾಯಿಬಿಟ್ಟು ಹೇಳಿಯೂಬಿಟ್ಟೆ. ನೀಲವ್ವ ಬಹಳ ಮೆಲ್ಲಗೆ, “ಸಾಹೇಬ್ರ, ನಿಮ್ಮ ಮ್ಯಾಲೆ ನಂಬಿಕಿ ಇಲ್ಲಂತ ಅಲ್ರಿ. ನನಗ ಇನ್ನೊಂದು ವರ್ಷ ಕೊಡಾವ್ರು ಯಾರೂ ಇಲ್ಲ” ಎಂದರು. ಎರಡೂ ಕಡೆ ನಾನೇ ಹೋಗಿ ಕೇಳುತ್ತೇನೆ ಎಂದೆ.

ವಕೀಲರು ಒಪ್ಪಿದರು. ಅಣ್ಣಿಗೇರಿಯ ವ್ಯಾಪಾರಿಯಂತೂ, “ಒಯ್ರಿ. ನೀವಾಗೇ ಹೊಳ್ಳಿ ತರಂಗಿಲ್ಲ” ಎಂದು ಕೀಲಿಕೈ ಕೊಟ್ಟುಬಿಟ್ಟರು. ಜುಲೈ ತಿಂಗಳ ಒಂದು ಶನಿವಾರ ನವಲಗುಂದ ಕಡೆ ಮಳೆ ಹೊಡೆಯಿತು. ಭಾನುವಾರ ಬೆಳಿಗ್ಗೆ ನಾನು ಎರಡೂ ಗಾಡಿಗಳ ಜತೆ ಅವರ ಊರಲ್ಲಿದ್ದೆ.

ಮೊದಲು ವಕೀಲರ ಜೀಪು. ನಾನೇ ಓಡಿಸಿದೆ. ಕಳೆ ತೆಗೆಯಲು ಹೊರಟಿದ್ದ ಹನ್ನೆರಡು ಹೆಂಗಸರು ಹಿಂದೆ ಹತ್ತಿದರು, ಗೌಡರು ಮತ್ತು ನೀಲವ್ವ ನನ್ನ ಪಕ್ಕ ಕೂತರು. ಅವರ ಮುಂದಾಳು ಯಲ್ಲವ್ವ, ಎಂಥವರನ್ನೂ ಮಾತಿನಲ್ಲಿ ಬಿಡದವಳು. ಒಂದು ಕಿಲೋಮೀಟರ್ ಚೆನ್ನಾಗಿ ಹೋಯಿತು. ಆಮೇಲೆ ಸ್ಟಿಯರಿಂಗ್ ಬಿಗಿಯಾಗತೊಡಗಿತು. ಫೋರ್‌ವೀಲ್ ಹಾಕಿದೆ, ಗೇರ್ ಇಳಿಸಿದೆ. ಒಂದೂವರೆ ಕಿಲೋಮೀಟರಿಗೆ ಗಾಡಿ ನಿಂತಿತು. ಇಳಿದು ನೋಡಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಎರೆ ಮಣ್ಣಿನ ರಾಡಿ ಅಗಲ ಟೈರಿಗೆ ಮೆತ್ತಿಕೊಂಡು, ಮೇಲೆ ಹೋಗಿ ಮಡ್‌ಗಾರ್ಡಿನ ಒಳಗೆ ಕೂತು, ಪದರದ ಮೇಲೆ ಪದರ ಸೇರಿ, ಗಾಲಿ ಮತ್ತು ತಗಡಿನ ನಡುವೆ ಗಾರೆ ಕಟ್ಟಿದಂತೆ ಗಟ್ಟಿಯಾಗಿತ್ತು. ಗಾಲಿ ತಿರುಗಲು ಜಾಗವೇ ಇಲ್ಲ. ನಾಲ್ಕೂ ಗಾಲಿಗೆ ಶಕ್ತಿ ಕೊಟ್ಟರೇನು, ನಾಲ್ಕೂ ಸಿಕ್ಕಿಬಿದ್ದಿದ್ದವು. ಕ್ಲಚ್ ಸುಟ್ಟ ವಾಸನೆ ಬರುತ್ತಿತ್ತು.

ಎಂಜಿನ್ ಮಾತ್ರ ಮೊದಲಿನಷ್ಟೇ ಹದವಾಗಿ ಓಡುತ್ತಿತ್ತು.

“ಸಾಹೇಬ್ರ, ಹಾಡಾಕತ್ತೈತಿ ಖರೆ, ಕುಣೀವಲ್ದು” ಎಂದಳು ಯಲ್ಲವ್ವ. ಹನ್ನೆರಡೂ ಜನ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಇಳಿದು, ಸೀರೆ ಕಚ್ಚೆ ಬಿಗಿದು, ಕುಡುಗೋಲು, ಕೋಲು ತಂದು ಆ ಮಣ್ಣನ್ನು ಕೆತ್ತಿ ತೆಗೆದರು. ಐವತ್ತು ಹೆಜ್ಜೆಗೆ ಮತ್ತೆ ತುಂಬಿಕೊಂಡಿತು.

ನಮ್ಮ ಅಳ್ನಾವರದ ಕಡೆ ಕೆಂಪು ಗರಸು ನೆಲ. ಎಷ್ಟೇ ಮಳೆ ಬರಲಿ, ನೀರು ಹರಿದು ಹೋಗುತ್ತದೆ, ಗಾಲಿ ಜಾರಬಹುದೇ ಹೊರತು ಮಣ್ಣು ಹೀಗೆ ಮೈಗೆ ಮೆತ್ತುವುದಿಲ್ಲ. ಇಪ್ಪತ್ತು ವರ್ಷ ನಾನು ಪರೀಕ್ಷಿಸಿದ್ದು ಡಾಂಬರು ಹಾಸಿದ ವರ್ಕ್‌ಶಾಪಿನ ಅಂಗಳದಲ್ಲಿ. ಗಾಡಿಯನ್ನು ಪೂರ್ತಿ ನೋಡಿದ್ದೆ, ಅದು ಹೋಗಬೇಕಾದ ದಾರಿಯನ್ನು ಒಮ್ಮೆಯೂ ನೋಡಿರಲಿಲ್ಲ. ಗೌಡರು ಏನಾದರೂ ಚುಚ್ಚು ಮಾತು ಆಡಲಿ ಎಂದು ಕಾದೆ. ಆಡಿದ್ದರೆ ಹಗುರವಾಗುತ್ತಿತ್ತು. ಅವರು ಸುಮ್ಮನೆ ತಮ್ಮ ಕೋಲಿನಿಂದ ಮಣ್ಣು ತೆಗೆಯುತ್ತಿದ್ದರು.

ಎತ್ತು ಹೂಡಿ ಆ ಜೀಪನ್ನು ಊರಿಗೆ ಎಳೆಸಿ ತಂದು, ಅಣ್ಣಿಗೇರಿಯ ಜೀಪು ಹೊರಡಿಸಿದೆವು. ಅದೂ ಅದೇ ರಾಡಿಗೆ ಇಳಿಯಿತು. ಸಣ್ಣ ಟೈರು ಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯಿತು. ಮೆತ್ತಿದ ಮಣ್ಣಿಗೆ ಕೂರಲು ಜಾಗವೇ ಇರಲಿಲ್ಲ. ಗಾಲಿ ತಿರುಗಿದಂತೆಲ್ಲ ಮುದ್ದೆ ಮುದ್ದೆಯಾಗಿ ಹಾರಿತು. ಹಾರಿದ್ದು ಎಲ್ಲಿಗೆ ಎಂದರೆ, ನಮ್ಮ ಮೇಲೆ. ಹೊಲ ಮುಟ್ಟುವ ಹೊತ್ತಿಗೆ ನನ್ನ ಬಿಳಿ ಅಂಗಿ, ಯಲ್ಲವ್ವನ ಮುಖ, ಗೌಡರ ತಲೆಯ ಪಟಗ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಆದರೆ ಆರು ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ಮುಗಿಸಿದ್ದೆವು. ಎಂಜಿನ್ ದಾರಿಯುದ್ದಕ್ಕೂ ಕೆಮ್ಮಿತು, ಹೊಗೆ ಕಾರಿತು. ನೀಲವ್ವ ಇಳಿದು, ಕತ್ತರಿಸಿದ ಆ ಮಡ್‌ಗಾರ್ಡಿನ ಅಂಚನ್ನು ಕೈಯಿಂದ ಸವರಿದರು.

“ಇದನ್ನ ತಿಳದಾವ್ರು ಕತ್ತರಿಸ್ಯಾರ್ರಿ” ಎಂದರು.

ಆಮೇಲೆ ವ್ಯಾಪಾರಿಯನ್ನು ಕೇಳಿದೆ. ಹತ್ತು ವರ್ಷ ಅವರು ಅದೇ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಹತ್ತಿ ಕೊಂಡವರು. ಮೊದಲ ವರ್ಷವೇ ರಾಡಿಯಲ್ಲಿ ಸಿಕ್ಕಿ, ಮನೆಗೆ ಬಂದು ಗ್ಯಾಸ್ ಕಟರ್ ಹಿಡಿಸಿದ್ದರಂತೆ. “ಅವತ್ತ ಯಾಕ ಹೇಳಲಿಲ್ರಿ?” ಎಂದರೆ, “ನೀವು ಕೇಳಾಕ ಬಂದಿರಲಿಲ್ಲ, ಹೇಳಾಕ ಬಂದಿದ್ರಿ” ಎಂದರು.

ಆದರೆ ಕೆಮ್ಮುವ ಎಂಜಿನ್ ನನ್ನ ಕ್ಷೇತ್ರ. ಅಲ್ಲಿ ನನಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ದಾರಿ ಬಲ್ಲ ಗಾಡಿಗೆ ಎಂಜಿನ್ ಕಟ್ಟಬಹುದು, ಎಂಜಿನ್ ಇದ್ದ ಗಾಡಿಗೆ ದಾರಿ ಕಟ್ಟಲಾಗದು ಎಂದು ನೀಲವ್ವನಿಗೆ ಹೇಳಿ ಆ ಜೀಪನ್ನೇ ಕೊಡಿಸಿದೆ. ನವಲಗುಂದದ ಒಂದು ಸಣ್ಣ ಗ್ಯಾರೇಜಿನಲ್ಲಿ ನಾಲ್ಕು ಭಾನುವಾರ ಕೂತು ಎಂಜಿನ್ ಪೂರ್ತಿ ಬಿಚ್ಚಿದೆ. ಹೊಸ ರಿಂಗ್, ಹೊಸ ಬೇರಿಂಗ್, ವಾಲ್ವ್‌ಗಳನ್ನು ಉಜ್ಜಿ ಕೂರಿಸಿದ್ದು, ಹೊಸ ಕ್ಲಚ್ ಪ್ಲೇಟು. ನೀಲವ್ವ ಪಕ್ಕದಲ್ಲಿ ಕೂತು ಒಂದೊಂದರ ಹೆಸರು ಕೇಳುತ್ತಿದ್ದರು. ಯಲ್ಲವ್ವನ ಬಳಗ ಗೋಣಿಚೀಲ ಹೊಲಿದು ಎರಡೂ ಬದಿಗೆ ಪರದೆ ಕಟ್ಟಿತು, ರಾಡಿ ಮುಖಕ್ಕೆ ಹಾರದಿರಲಿ ಎಂದು. ಆ ಪರದೆಗೆ ಎಷ್ಟು ಚಂದದ ಅಂಚು ಹಾಕಿದ್ದರೆಂದರೆ ಗಾಡಿಗಿಂತ ಅದೇ ಎದ್ದು ಕಾಣುತ್ತಿತ್ತು.

ಕೊನೆಯ ಭಾನುವಾರ ನಾನು ಡ್ರೈವರ್ ಯಾರು ಎಂದು ಕೇಳಿದೆ. ನವಲಗುಂದದ ಒಬ್ಬರು ಬರಲು ಒಪ್ಪಿದ್ದಾರೆ ಎಂದರು ನೀಲವ್ವ. ಆಮೇಲೆ ಸ್ಟಿಯರಿಂಗ್ ಮೇಲೆ ಕೈಯಿಟ್ಟು, “ಅಂವ ಒಂದಿನ ಬರಲಿಲ್ಲಂದ್ರ ಹೂವು ಕಾಯತಾವೇನ್ರಿ?” ಎಂದರು. ನಾನು ಗೌಡರ ಕಡೆ ನೋಡಿದೆ. ಹೆಣ್ಣುಮಗಳು ಜೀಪು ಓಡಿಸುವುದನ್ನು ಆ ಊರು ಕಂಡಿರಲಿಲ್ಲ. ಗೌಡರು ಪಟಗ ತೆಗೆದು ತಲೆ ತುರಿಸಿಕೊಂಡರು.

“ಚಕ್ಕಡಿ ಹೊಡೀತಾಳ್ರಿ ಆಕಿ. ಇದಕ್ಕ ಹಗ್ಗ ಇಲ್ಲ, ಅಷ್ಟ. ಕಲಸ್ರಿ.”

ಕಲಿಸಿದೆ. ನಾನು ಬಹಳ ಡ್ರೈವರ್‌ಗಳಿಗೆ ಕಲಿಸಿದ್ದೇನೆ, ಬೈದೂ ಇದ್ದೇನೆ. ನೀಲವ್ವನಿಗೆ ಬೈಯುವ ಪ್ರಸಂಗ ಎರಡೇ ಸಲ ಬಂತು. ಸೆಪ್ಟೆಂಬರ್ ಕೊನೆಗೆ ಕ್ರಾಸಿಂಗ್ ಶುರುವಾಗುವ ಹೊತ್ತಿಗೆ ಅವರ ಕೈಯಲ್ಲಿ ಲೈಸೆನ್ಸ್ ಇತ್ತು.

ನಿಜವಾದ ಪರೀಕ್ಷೆ ಅಕ್ಟೋಬರಿನಲ್ಲಿ ಬಂತು. ಚಿತ್ತಿ ಮಳೆ ಹಿಡಿಯಿತು. ನಾನು ಎಂಜಿನ್ ನೋಡಲೆಂದು ಶನಿವಾರ ಸಂಜೆಯೇ ಅವರ ಊರಿಗೆ ಹೋಗಿದ್ದೆ. ಆ ಮಧ್ಯಾಹ್ನ ಇಪ್ಪತ್ನಾಲ್ಕೂ ಹೆಂಗಸರು ನಾಲ್ಕು ಎಕರೆಯ ಮೊಗ್ಗು ಬಿಡಿಸಿ ಬಂದಿದ್ದರು. ಆ ಹಂಗಾಮಿನ ಅತಿ ಹೆಚ್ಚು ಹೂವಿನ ದಿನಗಳವು. ಭಾನುವಾರ ಬೆಳಿಗ್ಗೆ ಏಳಕ್ಕೆ ಮಳೆ ನಿಂತು ಬಿಸಿಲು ಬಿತ್ತು. ಡ್ರೈವರ್‌ಗೆ ನವಲಗುಂದದಿಂದ ಬರಲಾಗಲಿಲ್ಲ. ಈರಣ್ಣ ಮಾತ್ರ ಹೇಗೋ ಬಂದಿದ್ದರು. ಲಾವಣಿಗೆ ಕೇಳಿದವರು ಉತ್ತರಕ್ಕೆ ಕಾಯುತ್ತಿದ್ದಾರೆಂದು ಹೇಳಲು ಬಂದವರು, ತಮ್ಮ ಮೋಟರ್‌ಸೈಕಲ್ಲನ್ನು ಊರ ಹೊರಗೆ ರಾಡಿಯಲ್ಲೇ ಬಿಟ್ಟು, ಮೊಣಕಾಲ ತನಕ ಕೆಸರಾಗಿ ನಿಂತಿದ್ದರು.

“ಇವತ್ತ ಬಿಡ್ರಿ ವೈನಿ. ಈ ದಾರ್ಯಾಗ ಯಾರ್ ಹೋಗ್ತಾರ?” ಎಂದರು.

ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟಿಯರಿಂಗ್ ಹಿಂದೆ ಕೂತರು. “ನಾವು ಹೋಗ್ತೀವಿ. ನೀವೂ ಹತ್ರಿ, ಹೂವಿನ ಬುಟ್ಟಿ ಹಿಡಿಯಾಕ ಕೈ ಬೇಕು” ಎಂದರು. ಈರಣ್ಣ ಏನು ತಿಳಿದರೋ, ಹತ್ತಿದರು.

ಹಳ್ಳದಲ್ಲಿ ಮೊಣಕಾಲಿಗಿಂತ ತುಸು ಕೆಳಗೆ ನೀರಿತ್ತು. ಗೌಡರು ಕೋಲು ಹಿಡಿದು ಮೊದಲು ತಾವು ದಾಟಿ, ಗಟ್ಟಿ ನೆಲ ಎಲ್ಲಿದೆ ಎಂದು ತೋರಿಸಿದರು. ಹೆಂಗಸರು ಇಳಿದು ಕೈ ಕೈ ಹಿಡಿದು ದಾಟಿದರು. ಖಾಲಿ ಜೀಪಿನಲ್ಲಿ ನೀಲವ್ವ ಮತ್ತು ನಾನು. ನಾನು ಹೇಳಿದ್ದು ಒಂದೇ ಮಾತು. “ನಡುವ ಆಕ್ಸಲರೇಟರ್ ಮ್ಯಾಲಿಂದ ಕಾಲು ಎತ್ತಬ್ಯಾಡ್ರಿ.” ಅವರು ಎತ್ತಲಿಲ್ಲ. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಆಚೆ ದಡಕ್ಕೆ ಹತ್ತಿದಾಗ ನನ್ನ ಕಣ್ಣು ಒದ್ದೆಯಾಗಿತ್ತು ಎಂದು ಬರೆಯಲು ಈಗ ನನಗೆ ನಾಚಿಕೆಯಿಲ್ಲ. ಸಾವಿರ ಎಂಜಿನ್ ಕಟ್ಟಿದ್ದೆ, ಒಂದಾದರೂ ಇಂಥ ಕೆಲಸಕ್ಕೆ ಹೋಗುವುದನ್ನು ಪಕ್ಕದಲ್ಲಿ ಕೂತು ನೋಡಿರಲಿಲ್ಲ.

ಉಳಿದ ಹನ್ನೆರಡು ಜನರ ಎರಡನೆಯ ಸರದಿಯೂ ಒಂಬತ್ತೂವರೆಗೆ ಹೊಲ ಮುಟ್ಟಿತು. ಆಮೇಲೆ ಎರಡು ಗಂಟೆ ಯಾರೂ ಮಾತಾಡಲಿಲ್ಲ, ಯಲ್ಲವ್ವ ಕೂಡ. ಕೆಂಪು ಕಾಗದ ತೆಗೆಯುವುದು, ಪರಾಗ ಒರೆಸುವುದು, ದಾರ ಕಟ್ಟುವುದು. ಈರಣ್ಣ ಬುಟ್ಟಿ ಹಿಡಿದು ಸಾಲಿನಿಂದ ಸಾಲಿಗೆ ಗಂಡು ಹೂವು ಹಂಚುತ್ತ ಓಡಾಡಿದರು. ನನಗೂ ದಾರದ ಉಂಡೆ ಕೊಟ್ಟರು. ಮೊದಲ ನಾಲ್ಕು ಹೂವು ಮುರಿದೆ, ಬೈಸಿಕೊಂಡೆ. ಹನ್ನೊಂದೂವರೆಗೆ ಸರಿಯಾಗಿ ನೀಲವ್ವ ಕೊನೆಯ ಸಾಲಿನಿಂದ ತಲೆ ಎತ್ತಿ, “ಮುಗೀತು” ಎಂದರು. ಆ ದಿನದ ಒಂದು ಸಾಲೂ ಉಳಿಯಲಿಲ್ಲ.

ಆ ಹಂಗಾಮಿನಲ್ಲಿ ಜೀಪು ಒಂದು ದಿನವೂ ತಪ್ಪಲಿಲ್ಲ. ಬೀಜದ ಪರೀಕ್ಷೆ ಪಾಸಾಯಿತು, ಕಂಪನಿಯ ಪಟ್ಟಿಯಲ್ಲಿ ನೀಲವ್ವನ ಹೆಸರು ಉಳಿಯಿತು. ಹೊಲ ಲಾವಣಿಗೆ ಹೋಗಲಿಲ್ಲ.

ನನ್ನ ವೃತ್ತಿಗೆ ಅದರಿಂದ ಆದ ಬದಲಾವಣೆ ಸಣ್ಣದು. ಆಮೇಲೆ ಯಾವ ಗಾಡಿಯನ್ನು ಪರೀಕ್ಷಿಸಿದರೂ ಮೊದಲು ಅದರ ಡ್ರೈವರನ್ನು ಕರೆದು ಕೂರಿಸಿಕೊಂಡು, ಯಾವ ದಾರಿ, ಏನು ಹೇರು, ಎಲ್ಲಿ ತೊಂದರೆ ಎಂದು ಕೇಳತೊಡಗಿದೆ. ವರದಿ ಬರೆಯುವುದು ತಡವಾಗುತ್ತಿತ್ತು. ಮೇಲಿನವರು ಗೊಣಗುತ್ತಿದ್ದರು. ಆದರೆ ಕಂಡೆಮ್ ಎಂದು ಬರೆಯಬೇಕಿದ್ದ ಎಷ್ಟೋ ಗಾಡಿಗಳು ಬೇರೆ ದಾರಿಗೆ ಹೋಗಿ ಇನ್ನೂ ಐದಾರು ವರ್ಷ ದುಡಿದವು. ಬಲ್ಲವನು ಮೊದಲು ಕೇಳಬೇಕು, ಆಮೇಲೆ ಹೇಳಬೇಕು. ಇಪ್ಪತ್ತು ವರ್ಷದ ನೌಕರಿ ಕಲಿಸದ್ದನ್ನು ಒಂದು ಭಾನುವಾರದ ರಾಡಿ ಕಲಿಸಿತು.

ಮರುವರ್ಷ ಬೇಸಿಗೆಯಲ್ಲಿ ಈರಣ್ಣ ವರ್ಕ್‌ಶಾಪಿಗೆ ಬಂದರು. ಮುಖದಲ್ಲಿ ಸಂಕೋಚ.

“ಸಾಹೇಬ್ರ, ಇನ್ನೊಂದು ಗಾಡಿ ನೋಡಬೇಕಾಗೇತ್ರಿ. ನನ್ನ ಪಾಲಿನ ನಾಲ್ಕು ಎಕರೇನೂ ಈ ವರ್ಷ ವೈನಿ ಬೀಜಕ್ಕ ಹಾಕಾವ್ರಿದ್ದಾರ.”

“ಲಾವಣಿಗೆ ಕೊಟ್ರೇನು ಅವರಿಗೆ?” ಎಂದು ಕೆಣಕಿದೆ.

“ಲಾವಣಿ ಎಲ್ಲಿದ್ರಿ” ಎಂದರು ಈರಣ್ಣ. “ಹೊಲ ಯಾರ ಹೆಸರಿಗಾದ್ರೂ ಇರಲಿ, ಊರಾಗ ಎಲ್ಲಾರೂ ಈಗ ಅದಕ್ಕ ನೀಲವ್ವನ ಹೊಲ ಅಂತಾರ.”